ದೀಪಾವಳಿಗೆ 30 ಜನ: ಸಕ್ಕರೆ, ತುಪ್ಪ ಹಿತಮಿತವಾಗಿರೋ ಸಿಹಿ ಮನೇಲೇ ಮಾಡೋದು ಹೇಗೆ?

ದೀಪದಸಾಲು:

ಎಲ್ಲರಿಗೂ ನಮಸ್ಕಾರ. ಬಲಿಪಾಡ್ಯಮಿ ಸಂಜೆ ನಮ್ಮ ಮನೇಲಿ 30 ಜನ ಸೇರ್ತಾರೆ. 9 ಮಕ್ಕಳು, ಅದರಲ್ಲಿ ಇಬ್ಬರು 3 ವರ್ಷದೊಳಗಿನವರು. ದೊಡ್ಡವರಲ್ಲಿ 4 ಜನಕ್ಕೆ ಸಕ್ಕರೆ ಕಾಯಿಲೆ. ಒಂದು ಮಗುವಿಗೆ ಕಡಲೆಕಾಯಿ ಬೀಜ ಅಲರ್ಜಿ. ಅಂಗಡಿ ಸ್ವೀಟ್ ಬೇಡ, ನಾಲ್ಕು ಥರ ಮನೇಲೇ ಮಾಡೋಣ ಅಂತಿದ್ದೀನಿ. ಎಲ್ಲರೂ ತಿನ್ನೋ ಹಾಗಿರಬೇಕು, ಹಬ್ಬದ ಸಿಹಿ ಅನ್ನಿಸಲೂಬೇಕು.

ಪ್ರಯೋಗ ಮಾಡಿ ನೋಡಿದ್ದರಲ್ಲಿ ಕೆಟ್ಟಿದ್ದು ಇಷ್ಟು:

ರಾಗಿ ಉಂಡೆಗೆ ಬೆಲ್ಲದ ಪುಡಿ ಹಾಕಿ ಕಟ್ಟಿದರೆ ಕೈಯಲ್ಲಿ ನಿಲ್ಲುತ್ತೆ, ತಟ್ಟೆಗೆ ಇಟ್ಟ ತಕ್ಷಣ ಉದುರುತ್ತೆ. ಹಾಲಿನ ಪಾಯಸಕ್ಕೆ ಸಕ್ಕರೆ ಬದಲು ಬೆಲ್ಲ ಹಾಕಿದ್ದಕ್ಕೆ ಒಡೆದುಹೋಯಿತು. ಸಕ್ಕರೆ ಬದಲು ಸ್ಟೀವಿಯಾ ಅನ್ನೋ ಸಿಹಿಕಾರಕ ಹಾಕಿದ ಕೊಬ್ಬರಿ ಬರ್ಫಿ ಕಹಿಯಾಯಿತು, ಜೊತೆಗೆ ಗಟ್ಟಿಯಾಗಲೇ ಇಲ್ಲ.

ಬೆಲ್ಲ, ಖರ್ಜೂರ ಹಾಕಿದರೆ ಸಕ್ಕರೆ ಕಾಯಿಲೆಯವರು ಧಾರಾಳವಾಗಿ ತಿನ್ನಬಹುದು ಅಂತಾರಲ್ಲ, ಅದು ನಿಜವಾ? ಓವನ್ ಇದೆ, ಅಡುಗೆ ತಕ್ಕಡಿ ಇದೆ. ಅಳತೆ ಗ್ರಾಂನಲ್ಲೇ ಹೇಳಿದರೆ ಉಪಕಾರ.

---

ಬೆಲ್ಲದಚ್ಚು:

ಕೊನೆ ಪ್ರಶ್ನೆಗೆ ಮೊದಲು ಉತ್ತರ, ಯಾಕಂದರೆ ಅಡುಗೆ ಶುರುವಾಗೋದೇ ಅಲ್ಲಿಂದ. ನಿಜ ಅಲ್ಲ. ಬೆಲ್ಲದಲ್ಲಿ 100ಕ್ಕೆ 85ರಿಂದ 90 ಭಾಗ ಸಕ್ಕರೆಯೇ. 100 ಗ್ರಾಂ ಬೆಲ್ಲಕ್ಕೆ ಸುಮಾರು 380 ಕ್ಯಾಲೊರಿ, ಸಕ್ಕರೆಗೆ 400ರ ಹತ್ತಿರ. ಬೆಲ್ಲಕ್ಕೆ ಪರಿಮಳ ಇದೆ, ಅಲ್ಪಸ್ವಲ್ಪ ಖನಿಜ ಇದೆ, ಆ ಪರಿಮಳದ ದೆಸೆಯಿಂದ ಸ್ವಲ್ಪ ಕಡಿಮೆ ಹಾಕಿದರೂ ನಡೆಯುತ್ತೆ. ಅಷ್ಟೇ. ಸಕ್ಕರೆ ಕಾಯಿಲೆಯವರಿಗೆ ಎರಡೂ ಒಂದೇ ಲೆಕ್ಕ.

ಯಾವ ಸಿಹಿಯಲ್ಲಿ ಸಕ್ಕರೆ ಕಡಿಮೆ ಮಾಡಬಹುದು, ಯಾವುದರಲ್ಲಿ ಆಗಲ್ಲ ಅನ್ನೋದಕ್ಕೆ ಒಂದು ಗುರುತು ಇಟ್ಟುಕೊಳ್ಳಿ. ಆ ತಿಂಡೀಲಿ ಸಕ್ಕರೆ ಬರೀ ರುಚಿಗಿದೆಯಾ, ಅಥವಾ ತಿಂಡೀನ ಹಿಡಿದು ನಿಲ್ಲಿಸಿದೆಯಾ? ಹೆಸರುಂಡೆ, ಪಾಯಸ, ಕರ್ಜಿಕಾಯಿ ಹೂರಣದಲ್ಲಿ ಅದು ರುಚಿಗೆ ಮಾತ್ರ. ಅಲ್ಲಿ ಅರ್ಧಕ್ಕೆ ಇಳಿಸಿದರೂ ತಿಂಡಿ ಕೆಡಲ್ಲ. ಚಿಕ್ಕಿ, ಕಜ್ಜಾಯ, ಬರ್ಫಿಯಲ್ಲಿ ಸಕ್ಕರೆಯೇ ಗಾರೆ. ಅಲ್ಲಿ ಇಳಿಸಿದರೆ ಗೋಡೆ ಬೀಳುತ್ತೆ. ಅಂಥವನ್ನ ಹಳೇ ಅಳತೇಲೇ ಮಾಡಿ, ತುಂಡು ಸಣ್ಣದು ಮಾಡಬೇಕು. ನಿಮ್ಮ ಬರ್ಫಿ ಗಟ್ಟಿಯಾಗದೆ ಇದ್ದಿದ್ದು ಇದಕ್ಕೇ. ಪಾಕವೇ ಇಲ್ಲದೆ ಚಿಟಿಕೆ ಸ್ಟೀವಿಯಾ ಕೊಬ್ಬರೀನ ಹೇಗೆ ಹಿಡಿದೀತು?

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ, ದಿನಕ್ಕೆ 2000 ಕ್ಯಾಲೊರಿ ಊಟ ಮಾಡೋರಿಗೆ ಹೊರಗಿಂದ ಸೇರಿಸೋ ಸಕ್ಕರೆ 50 ಗ್ರಾಂ ದಾಟಬಾರದು, 25ರೊಳಗಿದ್ದರೆ ಇನ್ನೂ ಒಳ್ಳೇದು. ಸಮ ಸಕ್ಕರೆ ಹಾಕಿ ಕಟ್ಟಿದ 40 ಗ್ರಾಂ ಉಂಡೆ ಒಂದರಲ್ಲೇ 15 ಗ್ರಾಂ ಬಂತು. ಹಾಗಾಗಿ ನಾಲ್ಕು ಸಿಹಿ ಸೇರಿ ಒಬ್ಬರ ಪಾಲಿಗೆ 20 ಗ್ರಾಂ ಅಂತ ಲೆಕ್ಕ ಹಾಕಿ ಅಡುಗೆ ಆರಿಸಿಕೊಳ್ಳಿ.

ರಾಗಿ ಉಂಡೆ (20 ಗ್ರಾಂನವು 30)

ರಾಗಿ ಹಿಟ್ಟು 250 ಗ್ರಾಂ, ಬೆಲ್ಲ 150, ತುಪ್ಪ 90, ತುರಿದ ಒಣಕೊಬ್ಬರಿ 50, ಹುರಿದ ಎಳ್ಳು 20, ಏಲಕ್ಕಿ 6, ಚಿಟಿಕೆ ಉಪ್ಪು.

ದಪ್ಪ ತಳದ ಬಾಣಲೇಲಿ 50 ಗ್ರಾಂ ತುಪ್ಪ ಹಾಕಿ, ಸಣ್ಣ ಉರೀಲಿ ಹಿಟ್ಟನ್ನ 12ರಿಂದ 15 ನಿಮಿಷ ಹುರೀರಿ. ರಾಗಿಗೆ ಮೊದಲೇ ಕಪ್ಪು ಬಣ್ಣ, ಕಣ್ಣಿಗೆ ಗೊತ್ತಾಗಲ್ಲ, ಮೂಗನ್ನೇ ನಂಬಬೇಕು. ಮೊದಲು ಒದ್ದೆ ಮಣ್ಣಿನ ವಾಸನೆ, ಆಮೇಲೆ ಏನೂ ಇಲ್ಲ, ಕೊನೇಲಿ ಬಿಸ್ಕತ್ತಿನ ಘಮ. ಕೈಯಾಡಿಸುವಾಗ ಭಾರವಾಗಿದ್ದ ಹಿಟ್ಟು ಹಗುರಾಗಿ ಜಾರೋಕೆ ಶುರುವಾಗುತ್ತೆ. ಆಗ ಇಳಿಸಿ. ಇದಕ್ಕಿಂತ ಮೊದಲೇ ಇಳಿಸಿದರೆ ಹಸಿ ಹಿಟ್ಟಿನ ರುಚಿ ಗಂಟಲಲ್ಲೇ ಉಳಿಯುತ್ತೆ.

ಈಗ ನಿಮ್ಮ ಉಂಡೆ ಉದುರಿದ ಕಾರಣ. ರಾಗಿಯಲ್ಲಿ ಗೋಧಿ ಥರ ಜಿಗುಟಿಲ್ಲ. ಒಣ ಬೆಲ್ಲದ ಪುಡಿ ಕರಗದೆ ಹರಳಾಗೇ ಉಳಿದರೆ ಅಂಟೋಕೆ ಏನೂ ಇರಲ್ಲ, ಬರೀ ಬಿಸಿ ತುಪ್ಪ ಹಿಡಿದಿರುತ್ತೆ. ಬೆಲ್ಲಕ್ಕೆ 40 ಮಿ.ಲೀ. ನೀರು ಹಾಕಿ ಕರಗಿಸಿ, ಸೋಸಿ, ಮತ್ತೆ ಒಲೆ ಮೇಲಿಟ್ಟು ಎರಡು ಬೆರಳ ಮಧ್ಯೆ ಅಂಟಂಟಾಗೋವರೆಗೆ ಮಾತ್ರ ಕುದಿಸಿ. ಎಳೆ ಬರೋ ತನಕ ಕಾಯಬೇಡಿ, ಕಾದರೆ ಮಾರನೇ ದಿನ ಉಂಡೆ ಕಲ್ಲಾಗುತ್ತೆ. ಬಿಸಿ ಹಿಟ್ಟಿಗೆ ಬಿಸಿ ಬೆಲ್ಲ, ಉಳಿದ 40 ಗ್ರಾಂ ಬಿಸಿ ತುಪ್ಪ, ಕೊಬ್ಬರಿ, ಎಳ್ಳು, ಏಲಕ್ಕಿ, ಉಪ್ಪು ಸೇರಿಸಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ಕಟ್ಟಿ. ಆರಿದ ಮೇಲೆ ಕಟ್ಟೋಕೆ ಹೋದರೆ ಮತ್ತೆ ಉದುರುತ್ತೆ. ಆಗ ಎರಡು ಚಮಚ ಬಿಸಿ ಹಾಲು ಚಿಮುಕಿಸಿದರೆ ಉಂಡೆಯೇನೋ ನಿಲ್ಲುತ್ತೆ, ಆದರೆ ಎರಡೇ ದಿನ ಇರುತ್ತೆ. ಹಾಲಿಲ್ಲದ್ದು 5-6 ದಿನ ಕೆಡಲ್ಲ.

ಒಂದು ಉಂಡೆಗೆ ಬೆಲ್ಲ 5 ಗ್ರಾಂ, ತುಪ್ಪ 3 ಗ್ರಾಂ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇರೋದು ಮಕ್ಕಳ ಪಾಲಿಗೆ ನಿಜವಾದ ಲಾಭ. ಹುರಿಹಿಟ್ಟು ಸಿಕ್ಕರೆ ಹುರಿಯೋ ಕೆಲಸ ಉಳಿಯಿತು, ಆದರೆ ಅದು ಹೆಚ್ಚು ಹೀರುತ್ತೆ. 250ರ ಬದಲು 200 ಗ್ರಾಂ ಹಾಕಿ.

ಹೆಸರುಂಡೆ (20 ಗ್ರಾಂನವು 28)

ಹೆಸರುಬೇಳೆ 300 ಗ್ರಾಂ, ಸಕ್ಕರೆ ಪುಡಿ 150, ತುಪ್ಪ 120, ಏಲಕ್ಕಿ. ಬೇಳೇನ ತೊಳೀಬೇಡಿ, ಒದ್ದೆ ಬಟ್ಟೇಲಿ ಒರೆಸಿ, ಸಣ್ಣ ಉರೀಲಿ 15ರಿಂದ 18 ನಿಮಿಷ, ಕೆಂಪಿಗೆ ತಿರುಗೋವರೆಗೆ ಹುರೀರಿ. ಈ ಹುರಿತದಿಂದಲೇ ಅರ್ಧ ಸಿಹಿ ಬರೋದು. ಅವಸರಕ್ಕೆ ದೊಡ್ಡ ಉರಿ ಇಟ್ಟರೆ ಹೊರಗೆ ಕೆಂಪು, ಒಳಗೆ ಹಸಿ. ಆಗ ಸಕ್ಕರೆ ಎಷ್ಟು ಹಾಕಿದರೂ ಸಪ್ಪೆ ಅನ್ನಿಸುತ್ತೆ.

ಸಕ್ಕರೆ ಅರ್ಧ ಮಾಡಿ ತುಪ್ಪ ಮೊದಲಿನಷ್ಟೇ ಹಾಕಿದರೆ ಉಂಡೆ ಕೂರಲ್ಲ, ತಟ್ಟೇಲಿ ಚಪ್ಪಟೆಯಾಗುತ್ತೆ, ಯಾಕಂದರೆ ಸಕ್ಕರೆ ಪುಡಿಯೂ ತುಪ್ಪ ಹೀರುತ್ತಿತ್ತು. ಎರಡನ್ನೂ ಒಟ್ಟಿಗೇ ಇಳಿಸಬೇಕು. ಹುರಿದ ಬೇಳೆ ಬೀಸುವಾಗ ಹಿಟ್ಟು ತೀರಾ ನುಣ್ಣಗಾದರೆ ಅಂಗುಳಕ್ಕೆ ಅಂಟುತ್ತೆ, ಚಿರೋಟಿ ರವೆಗಿಂತ ಒಂದು ಪಾಲು ಸಣ್ಣಗಿರಲಿ. ಕಡಲೆಕಾಯಿ ಅಲರ್ಜಿ ಇರೋ ಮಗುವಿಗೆ ಇದೇ ಒಳ್ಳೇದು. ಅಂದ ಹಾಗೆ, ಮೂರು ವರ್ಷದೊಳಗಿನವರಿಗೂ ಇದೇ. ಉಂಡೇನ ಪುಡಿ ಮಾಡಿ ಚಮಚದಲ್ಲಿ ಕೊಡಿ. ಇಡೀ ಬಾದಾಮಿ, ಚಿಕ್ಕಿ ಚೂರು ಆ ವಯಸ್ಸಿಗೆ ಗಂಟಲಿಗೆ ಸಿಕ್ಕಿಕೊಳ್ಳೋ ಅಪಾಯ ಇದೆ.

---

ಧಾರವಾಡದ ಒಲಿ:

ಚಿಕ್ಕಿ ಮತ್ತ ಕರ್ಚಿಕಾಯಿ ನಾ ಹೇಳ್ತೀನಿ. ಮಗುವಿಗೆ ಶೇಂಗಾ ಆಗೂದಿಲ್ಲ ಅಂದ್ರ ಮನ್ಯಾಗ ಆವತ್ತಿನ ಮಟ್ಟಿಗೆ ಶೇಂಗಾ ತರಲೇ ಬ್ಯಾಡ್ರಿ. ಎಳ್ಳಿನ ಚಿಕ್ಕಿ ಮಾಡ್ರಿ. ಆದರ ಎಳ್ಳೂ ಕೆಲವು ಮಕ್ಕಳಿಗೆ ಅಲರ್ಜಿ ಇರತದ, ಆ ಮಗುವಿನ ತಾಯಿಗೆ ಮೊದಲ ಕೇಳ್ರಿ. ಮೇಲಿನ ರಾಗಿ ಉಂಡಿಯೊಳಗೂ ಎಳ್ಳು ಅದ, ಅದಕ್ಕ ಹೇಳಿದೆ.

ಬಿಳಿ ಎಳ್ಳು 200 ಗ್ರಾಂ, ಬೆಲ್ಲ 160, ತುಪ್ಪ ಒಂದು ಚಮಚ. ಹಿಂದಿನಿಂದ ಸಮ ಸಮ ಹಾಕ್ತಾರ. 160ರ ತನಕಾ ಇಳಿಸಬಹುದು, 140ಕ್ಕಿಂತ ಕೆಳಗ ಇಳಿದ್ರ ಎಳ್ಳಿಗೆ ಎಳ್ಳು ಹಿಡಿಯೂದಿಲ್ಲ, ಕೊಯ್ಯುವಾಗ ಪುಡಿ ಪುಡಿ. ಬೆಲ್ಲ ಕಡಿಮಿ ಮಾಡೂದರ ಬದಲು ತೆಳುವ ಲಟ್ಟಿಸ್ರಿ. 4 ಮಿ.ಮೀ. ದಪ್ಪ, 4 ಸೆಂ.ಮೀ. ಚೌಕ ಕೊಯ್ದ್ರ 50 ತುಂಡು ಆಗ್ತಾವ, ಒಂದೊಂದರಾಗ ಬೆಲ್ಲ ಬರೇ 3 ಗ್ರಾಂ. ತೆಳುವಂದು ಕಟುಂ ಅಂತ ಮುರಿತದ, ತಿಂದವ್ರಿಗೂ ಒಂದು ತುಂಡಿಗೆ ಸಮಾಧಾನ.

ಎಳ್ಳು ಚಟಪಟ ಅನ್ನೂ ತನಕಾ ಹುರದು ಬ್ಯಾರೆ ತಾಟಿಗೆ ಹಾಕ್ರಿ. ಬಿಸಿ ಬಾಣಲಿಯೊಳಗ ಬಿಟ್ರ ಅಲ್ಲೇ ಕೆಂಪಾಗಿ ಕಹಿ ಆಗ್ತದ. ಬೆಲ್ಲಕ್ಕ ಎರಡು ಚಮಚ ನೀರು, ಅಷ್ಟ. ನಡು ಉರಿಯೊಳಗ ಪಾಕಾ ಬುರುಗು ಎದ್ದು ಬಣ್ಣಾ ಗಾಢ ಆದಾಗ ಒಂದು ಹನಿ ತಣ್ಣೀರಿನ ಬಟ್ಟಲಕ್ಕ ಬಿಡ್ರಿ. ಮೆತ್ತಗ ಉಂಡಿ ಆದ್ರ ಇನ್ನೂ ಬಂದಿಲ್ಲ. ಎಳದ್ರ ಜಗ್ಗಿದ್ರ ಇನ್ನೂ ಒಂದು ನಿಮಿಷ ಬೇಕು. ಬಟ್ಟಲಿನ ಅಂಚಿಗೆ ಬಡದ್ರ ಟಣ್ ಅಂದು, ಬೆರಳಾಗ ಪಟ್ಟನ ಮುರೀತಂದ್ರ ಬಂತು. ಉಷ್ಣತಾ ಅಳಿಯೂ ಕಡ್ಡಿ ಇದ್ದವ್ರು 145ರಿಂದ 150 ಡಿಗ್ರಿ ಸೆಲ್ಸಿಯಸ್ ನೋಡ್ಕೋರಿ. ಜಗ್ಗೂ ಹಂತದಾಗ ಇಳಿಸಿದ ಚಿಕ್ಕಿನ ಹಲ್ಲಿಗೆ ಹತ್ತೂದು. ಎಳ್ಳು ಹಾಕಿ ಎರಡ ಸಲ ತಿರುವಿ, ತುಪ್ಪಾ ಸವರಿದ ಮಣಿ ಮ್ಯಾಲೆ ಸುರುವಿ, ಲಟ್ಟಣಗಿಗೂ ತುಪ್ಪಾ ಸವರಿ ಒಂದೂವರಿ ನಿಮಿಷದಾಗ ಲಟ್ಟಿಸಿ ಗೆರಿ ಹಾಕ್ರಿ. ಆರಿದ ಮ್ಯಾಲೆ ಗೆರಿ ಬೀಳೂದಿಲ್ಲ.

ಬೆಲ್ಲದ ವಿಷಯ ಒಂದು. ಬಾಳ ಹಳದಿ, ಬೆಳ್ಳಗ ಕಾಣೂ ಬೆಲ್ಲಕ್ಕ ಬಣ್ಣಾ ತೆಗಿಯೂ ರಾಸಾಯನಿಕ ಬಿದ್ದಿರತದ. ಕಂದು ಬಣ್ಣದ್ದ ತಗೋರಿ. ಆದರ ಬೆವತ ಬೆಲ್ಲ ತಗೋಬ್ಯಾಡ್ರಿ, ಅದರ ಪಾಕಾ ಎಷ್ಟು ಕುದಿಸಿದ್ರೂ ಟಣ್ ಅನ್ನೂ ಹಂತಕ್ಕ ಬರೂ ಮೊದಲ ಹೊತ್ತತದ.

ಇನ್ನ ಕರ್ಚಿಕಾಯಿ. 28 ಆಗ್ತಾವ. ಕಣಕಕ್ಕ ಚಿರೋಟಿ ರವಾ 200 ಗ್ರಾಂ, ಗೋಧಿ ಹಿಟ್ಟು 50, ಕಾದ ತುಪ್ಪ 30, ಚಿಟಿಕಿ ಉಪ್ಪು, ಹಾಲು ನೀರು ಕೂಡಿ ಸುಮಾರು 100 ಮಿ.ಲೀ. ಗಟ್ಟಿ ನಾದಿ 45 ನಿಮಿಷ ಮುಚ್ಚಿಡ್ರಿ. ಒಳಗ ಪುಟಾಣಿ ಹಿಟ್ಟು 100, ಒಣಕೊಬ್ಬರಿ 80, ಬೆಲ್ಲದ ಪುಡಿ 70, ಹುರದ ಎಳ್ಳು ಗಸಗಸಿ ಎರಡೆರಡು ಚಮಚ, ಯಾಲಕ್ಕಿ, ಜಾಜಿಕಾಯಿ. ಇದರಾಗ ಸಕ್ಕರಿ ಸಮ ಹಾಕೂ ಪದ್ಧತಿ ಅದ. ಕೊಬ್ಬರಿ ಪುಟಾಣಿ ಎರಡೂ ಹದಕ್ಕ ಹುರದ್ರ ಈ 70 ಗ್ರಾಂ ಸಾಕು, ಒಂದಕ್ಕ ಎರಡೂವರಿ ಗ್ರಾಂ ಬೆಲ್ಲ ಬಿತ್ತು.

ಓವನ್‌ನಾಗ ಬೇಯಿಸೂದಾದ್ರ 180 ಡಿಗ್ರಿ ಮೊದಲ ಕಾಯಿಸಿ, ಮ್ಯಾಲೆ ತುಪ್ಪಾ ಸವರಿ, 18ರಿಂದ 20 ನಿಮಿಷ, ನಡುವ ಒಮ್ಮೆ ಹೊಳ್ಳಿಸಿ ಹಾಕ್ರಿ. ಒಂದು ಸಣ್ಣ ತೂತು ಚುಚ್ಚಿರಬೇಕು, ಇಲ್ಲಾಂದ್ರ ಉಗಿ ತುಂಬಿ ಅಂಚು ಬಿಡತದ. ಕಣಕದ ತುಪ್ಪ 30 ಗ್ರಾಂಕಿಂತ ಕಡಿಮಿ ಮಾಡಿ ಬೇಯಿಸಿದ್ರ ರಟ್ಟು ತಿಂಧಂಗ ಆಗ್ತದ. ಆದ್ರೂ ಒಂದು ಮಾತು ಹೇಳ್ತೀನಿ. ಬೇಯಿಸಿದ್ದು ಬಿಸ್ಕೀಟಿನ ಜಾತಿ, ಕರ್ಚಿಕಾಯಿ ಅಲ್ಲ. ಸಣ್ಣ ಸಣ್ಣ ಮಾಡಿ, ಎಣ್ಣಿ 170 ಡಿಗ್ರಿ ಹದಕ್ಕ ಕಾಯಿಸಿ ಕರದು, ಜಾಳಗಿ ಮ್ಯಾಲೆ ನಿಲ್ಲಿಸಿ ಬಸಿದ್ರ ಎಣ್ಣಿ ಅಷ್ಟೇನೂ ಹಿಡಿಯೂದಿಲ್ಲ. ತಣ್ಣನ ಎಣ್ಣಿಯೊಳಗ ಬಿಟ್ಟಾಗನ ಅವು ಎಣ್ಣಿ ಕುಡಿಯೂದು.

---

ಜೋನಿಬೆಲ್ಲ:

ಕರಿದಿದ್ದೇ ಬೇಕು ಅನ್ನೋದನ್ನ ನಾನು ಒಪ್ಪೋದಿಲ್ಲ. ನಾಲ್ಕು ಸಿಹಿ ಇರೋ ಕಡೆ ಒಂದಾದರೂ ಎಣ್ಣೆ ಸೋಕದ್ದು ಬೇಡವೇ? ಬೇಯಿಸಿದ್ದಕ್ಕೆ ರವೆ ಭಾಗ ಕಡಿಮೆ ಮಾಡಿ, ನೀರು ಪೂರಾ ಬಿಟ್ಟು ಹಾಲಲ್ಲೇ ಕಲಸಿದರೆ ಸಿಪ್ಪೆ ಮೆದುವಾಗಿ ಬರುತ್ತೆ.

ಪಾಯಸ ಒಡೆದ ಕಾರಣ ಇದು. ಬೆಲ್ಲಕ್ಕೆ ಸ್ವಲ್ಪ ಹುಳಿ ಗುಣ ಇದೆ, ಲವಣಗಳೂ ಇವೆ. ಕುದಿಯೋ ಹಾಲಿಗೆ ಬಿದ್ದ ಕೂಡಲೇ ಹಾಲಿನ ಪ್ರೋಟೀನ್ ಗಂಟು ಕಟ್ಟುತ್ತೆ. ಬೆಲ್ಲ ಹಳೇದಾದಷ್ಟೂ ಹುಳಿ ಜಾಸ್ತಿ. ಹಾಲಿನ ಪಾಯಸವೇ ಬೇಕಾದರೆ ಅಕ್ಕಿ, ಬೇಳೆ ಹಾಲಲ್ಲಿ ಪೂರ್ತಿ ಬೆಂದ ಮೇಲೆ ಒಲೆ ಆರಿಸಿ, ಬೆರಳಿಟ್ಟರೆ ತಾಳುವಷ್ಟು ಆರಲಿ. ಬೆಲ್ಲವನ್ನ ಬೇರೆ ಪಾತ್ರೇಲಿ ಕರಗಿಸಿ, ಸೋಸಿ, ಅದನ್ನೂ ಆರಿಸಿ ಆಮೇಲೆ ಬೆರೆಸಿ. ಮತ್ತೆ ಕುದಿಸೋ ಹಾಗಿಲ್ಲ. ಅಡುಗೆ ಸೋಡಾ ಚಿಟಿಕೆ ಹಾಕಿದರೆ ಒಡೆಯಲ್ಲ ಅಂತ ಹಾಕುವವರಿದ್ದಾರೆ. ಒಡೆಯಲ್ಲ ನಿಜ, ಆದರೆ ನಾಲಿಗೆಗೆ ಸೋಡಾ ಸಿಗುತ್ತೆ. ನಾನಂತೂ ಬೇಡ ಅಂತೀನಿ.

30 ಜನಕ್ಕೆ ಅಂದಾಗ ಈ ಜಾಗರೂಕತೆ ಎಲ್ಲ ಬಿಟ್ಟು ಕಾಯಿಹಾಲಿಗೆ ಹೋಗಿ. ನವಣೆ ಪಾಯಸ ಹೀಗೆ:

ನವಣೆ 150 ಗ್ರಾಂ ತೊಳೆದು ಅರ್ಧ ಗಂಟೆ ನೆನೆಸಿ. ಹೆಸರುಬೇಳೆ 50 ಗ್ರಾಂ ಘಮ ಬರೋವರೆಗೆ ಹುರಿದು ಸೇರಿಸಿ. 800 ಮಿ.ಲೀ. ನೀರಲ್ಲಿ ಕುಕ್ಕರಿಗೆ ಇಟ್ಟು ಮೂರು ಕೂಗು. ಎರಡು ದೊಡ್ಡ ತೆಂಗಿನಕಾಯಿ ತುರಿದು ರುಬ್ಬಿ, ಮೊದಲ ಹಾಲು 300 ಮಿ.ಲೀ., ಎರಡನೇ ಹಾಲು 800 ಮಿ.ಲೀ. ತೆಗೀರಿ. ಬೆಂದದ್ದನ್ನ ಸೌಟಿನ ಬೆನ್ನಲ್ಲಿ ಸ್ವಲ್ಪ ಮಸೆದು, ಎರಡನೇ ಹಾಲು, ಕರಗಿಸಿ ಸೋಸಿದ 220 ಗ್ರಾಂ ಬೆಲ್ಲ ಹಾಕಿ 10 ನಿಮಿಷ ಕುದಿಸಿ. ಮೊದಲ ಹಾಲು ಒಲೆ ಆರಿಸಿದ ಮೇಲೆ. ಅದನ್ನ ಕುದಿಸಿದರೆ ಎಣ್ಣೆ ಬಿಟ್ಟು ಮೇಲೆ ತೇಲುತ್ತೆ. ಏಲಕ್ಕಿ ಆಗಲೇ ಕುಟ್ಟಿದ್ದು, ಕಾಲು ಚಮಚ ಉಪ್ಪು, ಎರಡು ಚಮಚ ಹುರಿದ ಎಳ್ಳಿನ ಪುಡಿ. ಆ ಉಪ್ಪನ್ನ ಮಾತ್ರ ಬಿಡಬೇಡಿ, ಸಿಹಿ ಎದ್ದು ಕಾಣೋದು ಅದರಿಂದಲೇ.

75 ಮಿ.ಲೀ. ಲೋಟದಲ್ಲಿ ಕೊಟ್ಟರೆ 30 ಜನಕ್ಕೆ ಸರಿಹೋಗುತ್ತೆ. ಒಬ್ಬರಿಗೆ ಬೆಲ್ಲ 7 ಗ್ರಾಂ. ಉಗುರು ಬೆಚ್ಚಗೆ ಕೊಡಿ. ಫ್ರಿಜ್ಜಿನಿಂದ ತೆಗೆದ ಪಾಯಸ ಸಪ್ಪೆ ಅನ್ನಿಸುತ್ತೆ, ಆಗ ಜನ ಬೆಲ್ಲ ಸಾಲದು ಅಂತಾರೆ. ಕಾಯಿಹಾಲಲ್ಲೂ ಜಿಡ್ಡು ಸಾಕಷ್ಟಿದೆ, ಹಾಗಾಗಿ ದೊಡ್ಡ ಬಟ್ಟಲಲ್ಲಿ ಬೇಡ. ನವಣೆ ಆರಿದ ಹಾಗೆ ನೀರು ಎಳೆದುಕೊಳ್ಳುತ್ತೆ, ಬಡಿಸೋ ಮೊದಲು ಒಂದು ಲೋಟ ಬಿಸಿನೀರು ಪಕ್ಕದಲ್ಲಿರಲಿ.

ರಾಗಿ ಉಂಡೆಗೆ ಜೋನಿ ಬೆಲ್ಲ ಸಿಕ್ಕರೆ ನೀರೇ ಬೇಡ. ಅದರಲ್ಲೇ ನೀರಿನ ಅಂಶ ಇದೆ. 180 ಗ್ರಾಂ ತಗೊಂಡು ಎರಡು ನಿಮಿಷ ಬಿಸಿ ಮಾಡಿ ಹಾಕಿದರೆ ಉಂಡೆ ಚೆನ್ನಾಗಿ ಅಂಟುತ್ತೆ. ಅಂಟಿನ ವಿಷಯದಲ್ಲಿ ಅಚ್ಚು ಬೆಲ್ಲ ಅದರ ಹತ್ತಿರವೂ ಬರಲ್ಲ.

---

ದೀಪದಸಾಲು:

ಎಲ್ಲರಿಗೂ ತುಂಬಾ ಧನ್ಯವಾದ. ನಿಮ್ಮ ಅಳತೆಯಲ್ಲಿ ರಾಗಿ ಉಂಡೆ ಅರ್ಧ ಪಾಲು ಮಾಡಿ ನೋಡಿದೆ, ಗಟ್ಟಿಯಾಗಿ ನಿಂತಿದೆ. ಇನ್ನೊಂದು ಕೇಳಬೇಕಿತ್ತು. ಅತ್ತೆಯವರಿಗೆ ದೀಪಾವಳಿ ಅಂದರೆ ಕಜ್ಜಾಯ ಇರಲೇಬೇಕು. ಅದರಲ್ಲಿ ಬೆಲ್ಲ ಕಡಿಮೆ ಮಾಡೋಕೆ ಆಗುತ್ತಾ? ಮತ್ತೆ ಒಲೆ ಹಚ್ಚದೆ ಮಾಡೋ ಖರ್ಜೂರದ್ದು ಒಂದು ಹೇಳಿ.

---

ಬೆಲ್ಲದಚ್ಚು:

ಕಜ್ಜಾಯಕ್ಕೆ ಬೆಲ್ಲ ಮುಟ್ಟಬೇಡಿ. 500 ಗ್ರಾಂ ಅಕ್ಕಿಗೆ 375 ಗ್ರಾಂ ಬೆಲ್ಲ ಬೇಕೇ ಬೇಕು. ನೆನೆಸಿ, ನೆರಳಲ್ಲಿ ಹರವಿ, ಇನ್ನೂ ತೇವ ಇರುವಾಗಲೇ ಕುಟ್ಟಿದ ಹಿಟ್ಟು ನಿಲ್ಲೋದು ಪಾಕದ ಬಲದಿಂದ. ಬೆಲ್ಲ ಕಡಿಮೆಯಾದರೆ ಅಥವಾ ಪಾಕ ಎಳೆಯದಾದರೆ ಎಣ್ಣೇಲಿ ಬಿಟ್ಟ ಕೂಡಲೇ ಹರಡಿ ಬಿಚ್ಚಿಕೊಳ್ಳುತ್ತೆ. ಪಾಕ ಏರಿದರೆ ಗಟ್ಟಿ. ನೀರಿಗೆ ಬಿಟ್ಟ ಹನಿ ಬೆರಳಲ್ಲಿ ಉರುಳಿಸಿದರೆ ಮೆತ್ತನೆ ಉಂಡೆಯಾಗಬೇಕು, ಅದೇ ಹದ. ಹಿಟ್ಟು ಕಲಸಿ ಒಂದು ದಿನ ಇಟ್ಟು ತಟ್ಟಿ.

ಇಳಿಸಬೇಕಾದ್ದು ಅಗಲ. ಅಂಗೈ ಅಗಲದ ಬದಲು 5 ಸೆಂ.ಮೀ. ಮಾಡಿ, 20 ಗ್ರಾಂ ಹಿಟ್ಟಿಗೆ ಒಂದು. 45ರ ಮೇಲೆ ಆಗುತ್ತೆ, ಒಂದಕ್ಕೆ ಬೆಲ್ಲ 8 ಗ್ರಾಂ. ಎಣ್ಣೆಯಿಂದ ತೆಗೆದ ತಕ್ಷಣ ಎರಡು ಜಾಲರಿ ಸಟ್ಟುಗದ ಮಧ್ಯೆ ಇಟ್ಟು ಬಲವಾಗಿ ಒತ್ತಿ. ಬಿಸಿ ಇರುವಾಗ ಒತ್ತಿದರೆ ಎಣ್ಣೆ ಧಾರೆಯಾಗಿ ಇಳಿಯೋದು ಕಣ್ಣಿಗೇ ಕಾಣುತ್ತೆ. ಆರಿದ ಮೇಲೆ ಒತ್ತಿದರೆ ಕಜ್ಜಾಯ ಮುರಿಯುತ್ತೆ ಅಷ್ಟೇ. ಕಜ್ಜಾಯ ಇಟ್ಟರೆ ಕರ್ಜಿಕಾಯಿ ಕರೀಬೇಡಿ, ಓವನ್ನಿಗೆ ಹಾಕಿ ಅಥವಾ ಬಿಟ್ಟುಬಿಡಿ.

---

ದುಬೈ ಕನ್ನಡತಿ:

ಖರ್ಜೂರದ ಸುರುಳಿ ನಾನು ಹೇಳ್ತೀನಿ. ಮೆತ್ತನೆ ಖರ್ಜೂರ ಬೀಜ ತೆಗೆದು 400 ಗ್ರಾಂ, ಬಾದಾಮಿ 150, ಕುಂಬಳಕಾಯಿ ಬೀಜ 50, ಒಣಕೊಬ್ಬರಿ 50, ಅಂಟು (ಅಡುಗೆಗೆ ಬಳಸೋ ಗೋಂದು) 20, ತುಪ್ಪ ಒಂದು ದೊಡ್ಡ ಚಮಚ. ಒಂದೊಂದು ಖರ್ಜೂರವನ್ನೂ ಬಿಡಿಸಿ ನೋಡಿ. ಬೀಜ ಉಳಿದರೆ ಮಿಕ್ಸಿ ಬ್ಲೇಡು ಹೋಗುತ್ತೆ, ಒಳಗೆ ಹುಳ ಇರೋದೂ ಉಂಟು.

ಪೂರಾ ಒಲೆ ಇಲ್ಲದೆ ಆಗಲ್ಲ, ಬಾದಾಮಿ ಹುರೀಲೇಬೇಕು. ಹಸಿ ಬಾದಾಮಿ ಖರ್ಜೂರದ ತೇವ ಎಳೆದುಕೊಂಡು ಎರಡೇ ದಿನದಲ್ಲಿ ಮೆತ್ತಗಾಗುತ್ತೆ. 150 ಡಿಗ್ರಿ ಓವನ್ನಲ್ಲಿ 12 ನಿಮಿಷ ಇಟ್ಟು, ಪೂರ್ತಿ ಆರಿಸಿ, ರವೆಗಿಂತ ದಪ್ಪಗೆ ಕುಟ್ಟಿ. ಬಿಸಿಯಲ್ಲಿ ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತೆ. ಅಂಟನ್ನ ಮೆಣಸಿನ ಕಾಳಿನ ಗಾತ್ರಕ್ಕೆ ಒಡೆದು ತುಪ್ಪದಲ್ಲಿ ನಡು ಉರೀಲಿ ಅರಳಿಸಿ, ಒಂದು ಹರಳು ತೆಗೆದು ಒತ್ತಿ ನೋಡಿ. ಒಳಗೆ ಪುಡಿಯಾಗದೆ ಗಾಜಿನ ಹಾಗೆ ಉಳಿದಿದ್ದರೆ ಹಲ್ಲಿಗೆ ಅಂಟುತ್ತೆ. ಕರದಂಟಿಗೆ ಬರೋ ಆ ಕರುಕುರು ಇದರಿಂದಲೇ, ಅದೂ ಸಕ್ಕರೆ ಇಲ್ಲದೆ.

ಉಳಿದ ತುಪ್ಪದಲ್ಲಿ ಖರ್ಜೂರ ಹಾಕಿ ಮೂರು ನಿಮಿಷ ಮಾತ್ರ, ಮುದ್ದೆಯಾದ ಕೂಡಲೇ ಇಳಿಸಿ. ಐದಾರು ನಿಮಿಷ ಬಿಟ್ಟರೆ ಆರಿದ ಮೇಲೆ ಜಗಿಯೋಕಾಗದ ಹಾಗೆ ಬಿಗಿಯುತ್ತೆ. ಎಲ್ಲ ಬೆರೆಸಿ 3 ಸೆಂ.ಮೀ. ದಪ್ಪದ ಸುರುಳಿ ಮಾಡಿ, ಬೆಣ್ಣೆ ಕಾಗದದಲ್ಲಿ ಸುತ್ತಿ ಒಂದು ಗಂಟೆ ಫ್ರೀಜರಿನಲ್ಲಿಟ್ಟು ಚಾಕು ಒರೆಸುತ್ತಾ ಬಿಲ್ಲೆ ಕೊಯ್ಯಿರಿ. 15 ಗ್ರಾಂನ 45 ಬಿಲ್ಲೆ.

ಮೇಲೆ ಗಸಗಸೆ ಉರುಳಿಸೋದು ರೂಢಿ. ಕೊಲ್ಲಿ ದೇಶಗಳಲ್ಲಿರೋರು, ಇಲ್ಲಿಗೆ ಡಬ್ಬಿ ಕಟ್ಟಿ ತರೋರು ದಯವಿಟ್ಟು ಗಮನಿಸಿ: ಯುಎಇ, ಸೌದಿಯಲ್ಲಿ ಗಸಗಸೆ ನಿಷಿದ್ಧ, ಸಿಂಗಾಪುರದಲ್ಲೂ ಅಷ್ಟೇ. ತಿಂಡಿಯ ಮೇಲೆ ಉದುರಿಸಿದ್ದರೂ ತೊಂದರೆಯಾಗುತ್ತೆ. ಕರ್ಜಿಕಾಯಿ ಹೂರಣಕ್ಕೂ ಈ ಮಾತು ಸಲ್ಲುತ್ತೆ. ಕೊಬ್ಬರಿ ಉರುಳಿಸಿ.

ಇದನ್ನ ಸಕ್ಕರೆ ಇಲ್ಲದ್ದು ಅಂತ ಮಾತ್ರ ಹೇಳಿ ಬಡಿಸಬೇಡಿ. ಖರ್ಜೂರದಲ್ಲಿ 100ಕ್ಕೆ ಸುಮಾರು 65 ಗ್ರಾಂ ಸಕ್ಕರೆಯೇ ಇರುತ್ತೆ. ನಾರು 7 ಗ್ರಾಂನಷ್ಟಿದೆ, ಬಾದಾಮಿಯ ಕೊಬ್ಬೂ ಜೊತೆಗಿದೆ, ಅದಕ್ಕೆ ಏರಿಕೆ ಸ್ವಲ್ಪ ನಿಧಾನ. ಆದರೂ ಒಂದು ಬಿಲ್ಲೇಲಿ 6 ಗ್ರಾಂ ಹತ್ತಿರ ಬಂತು.

---

ಪಥ್ಯದಡುಗೆ:

ಸಕ್ಕರೆ ಕಾಯಿಲೆಯ ನಾಲ್ವರ ಬಗ್ಗೆ ಯಾರೂ ವಿವರವಾಗಿ ಬರೆದಿಲ್ಲ, ಅದಕ್ಕೆ ಇದು.

ಅವರಿಗೆ ಅಂತ ಬೇರೆ ತಟ್ಟೆ ಮಾಡಬೇಡಿ. ಇದೇ ಸಿಹಿಗಳಲ್ಲಿ ಅವರೇ ಒಂದೋ ಎರಡೋ ಆರಿಸಿಕೊಳ್ಳಲಿ. ಅವರಿಗೆ ಬೇಕಾದ್ದು ಲೆಕ್ಕ. ಪ್ರತಿ ತಟ್ಟೆ ಮುಂದೆ ಒಂದು ಚೀಟಿ ಇಡಿ: ಏನೇನು ಹಾಕಿದೆ, ಒಂದಕ್ಕೆ ಬೆಲ್ಲ ಅಥವಾ ಸಕ್ಕರೆ ಎಷ್ಟು ಗ್ರಾಂ. ಅಲರ್ಜಿ ಇರೋ ಮಗುವಿನ ಮನೆಯವರಿಗೂ ಅದೇ ಚೀಟಿ ಆಗುತ್ತೆ. ಒಂದು ವಿಷಯ ನೆನಪಿರಲಿ, ರಾಗಿ, ಹೆಸರು, ನವಣೆ ಹಿಟ್ಟಲ್ಲೂ ಪಿಷ್ಟ ಇದೆ. ಬೆಲ್ಲದ ಗ್ರಾಂ ಮಾತ್ರ ನೋಡಿ ನಾಲ್ಕು ಉಂಡೆ ತಿನ್ನೋ ಹಾಗಿಲ್ಲ.

ಸಿಹಿಯನ್ನ ಬಂದ ಕೂಡಲೇ ಕೈಗೆ ಕೊಡಬೇಡಿ. ಮೊದಲು ಕೋಸಂಬರಿ, ಕಡಲೆ ಉಸಲಿ, ಆಮೇಲೆ ಊಟ, ಕೊನೆಗೆ ಸಿಹಿ. ನಾರು, ಪ್ರೋಟೀನ್ ಮೊದಲು ಹೊಟ್ಟೆಗೆ ಹೋಗಿದ್ದರೆ ರಕ್ತದಲ್ಲಿ ಸಕ್ಕರೆ ಏರೋ ವೇಗ ತಗ್ಗುತ್ತೆ. ಖಾಲಿ ಹೊಟ್ಟೇಲಿ ತಿಂದ ಒಂದು ಲೋಟ ಪಾಯಸ ಬೇರೆ, ಊಟದ ಕೊನೇಲಿ ಕುಡಿದದ್ದು ಬೇರೆ. ಹಾಗೇ ಊಟ ತಡ ಮಾಡಬೇಡಿ. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತಗೊಳ್ಳೋರಿಗೆ ಹೊತ್ತು ಮೀರಿದರೆ ಸಕ್ಕರೆ ಇಳಿದು ತಲೆ ಸುತ್ತು ಬರುತ್ತೆ.

ಸ್ಟೀವಿಯಾ ಕಹಿಯಾಗೋದು ಜಾಸ್ತಿ ಬಿದ್ದಾಗ. ಬೇಕೇ ಬೇಕು ಅಂದರೆ ಪಾಯಸದಂಥ ದ್ರವದಲ್ಲಿ ಬಳಸಿ. ಬೆಲ್ಲ ಅರ್ಧ ಇಟ್ಟು ಉಳಿದರ್ಧದ ಸಿಹಿಗೆ ಮಾತ್ರ ಸ್ಟೀವಿಯಾ, ಆಗ ಕಹಿ ಮುಚ್ಚಿಹೋಗುತ್ತೆ. ಪೊಟ್ಟಣದ ಹಿಂದೆ ಓದಿ, ಕೆಲವದರಲ್ಲಿ ತೂಕಕ್ಕೆ ಅಂತ ಡೆಕ್ಸ್‌ಟ್ರೋಸ್ ಅಥವಾ ಮಾಲ್ಟೋಡೆಕ್ಸ್‌ಟ್ರಿನ್ ಬೆರೆಸಿರುತ್ತಾರೆ, ಅದೂ ರಕ್ತಕ್ಕೆ ಸಕ್ಕರೆಯಾಗೇ ಸೇರೋದು. ಎರಿಥ್ರಿಟಾಲ್ ಅನ್ನೋ ಇನ್ನೊಂದು ಸಿಹಿಕಾರಕವನ್ನ ಉಂಡೆಗೆ ಹಾಕಿದರೆ ಆರಿದ ಮೇಲೆ ಹರಳು ಕಟ್ಟಿ ಮರಳು ಮರಳಾಗುತ್ತೆ, ನಾಲಿಗೆಗೆ ಪುದೀನ ತಿಂದ ಹಾಗೆ ತಣ್ಣಗನ್ನಿಸುತ್ತೆ. ಆಸ್ಪರ್ಟೇಮ್ ಕುದಿಸಿದರೆ ಸಿಹಿಯೇ ಹೋಗುತ್ತೆ. ತೂಕ ಇಳಿಸೋಕೆ ಅಂತ ಸ್ಟೀವಿಯಾ, ಆಸ್ಪರ್ಟೇಮ್ ಥರದ ಸಿಹಿಕಾರಕ ಬಳಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಮಕ್ಕಳ ತಿಂಡಿಗಂತೂ ಅವು ಬೇಕಾಗಿಯೇ ಇಲ್ಲ, 5 ಗ್ರಾಂ ಬೆಲ್ಲದ ರಾಗಿ ಉಂಡೆ ಅವಕ್ಕಿಂತ ಎಷ್ಟೋ ಮೇಲು.

ಅಲರ್ಜಿ ಬಗ್ಗೆ: ಶೇಂಗಾ ತರದೇ ಇದ್ದರೆ ಸಾಲದು. ಚಟ್ನಿಗೆ ಶೇಂಗಾ ಅರೆದ ಜಾರು, ರಬ್ಬರ್ ಉಂಗುರದ ಸಂದು, ಹಳೇ ಕಡಲೆಕಾಯಿ ಎಣ್ಣೆಯ ಬಾಣಲೆ, ಎಲ್ಲ ಸೋಪು ಹಾಕಿ ತೊಳೀರಿ. ಕರಿಯೋಕೆ ಸೂರ್ಯಕಾಂತಿ ಎಣ್ಣೆ ಬಳಸಿ. ಬಾದಾಮಿ ಬಿಡಿಯಾಗಿ ಕೊಂಡರೆ ಅಂಗಡಿಯ ಒಂದೇ ಸೌಟು ಶೇಂಗಾ ಚೀಲಕ್ಕೂ ಹೋಗಿರುತ್ತೆ, ಅದಕ್ಕೆ ಮುಚ್ಚಿದ ಪೊಟ್ಟಣದ್ದೇ ತಗೊಳ್ಳಿ.

---

ದೀಪದಸಾಲು:

ಚೀಟಿ ಇಡೋದು ತುಂಬಾ ಚೆನ್ನಾಗಿದೆ, ಹಾಗೇ ಮಾಡ್ತೀನಿ. ಎಳ್ಳು ಆ ಮಗುವಿಗೆ ತೊಂದರೆ ಇಲ್ಲ ಅಂತ ಅವರಮ್ಮ ಹೇಳಿದರು. ಹೆಸರುಂಡೆ, ಎಳ್ಳು ಚಿಕ್ಕಿ, ನವಣೆ ಪಾಯಸ ಗಟ್ಟಿಯಾಯಿತು. ಅತ್ತೆಯವರಿಗೆ ಪುಟ್ಟ ಕಜ್ಜಾಯ. ರಾಗಿ ಉಂಡೆ ಮಕ್ಕಳಿಗೆ ಡಬ್ಬೀಲಿ ಕಟ್ಟಿ ಕೊಡೋಕೆ. ಯಾವುದನ್ನ ಎಷ್ಟು ದಿನ ಮೊದಲು ಮಾಡಲಿ? ಬೆಂಗಳೂರಲ್ಲಿ ಈಗ ದಿನಾ ಸಂಜೆ ಮಳೆ, ಚಿಕ್ಕಿ ಮೆತ್ತಗಾದರೆ ಏನು ಮಾಡೋದು?

---

ಬೆಲ್ಲದಚ್ಚು:

ಹೆಸರುಂಡೆ 4 ದಿನ ಮೊದಲು. ಕಜ್ಜಾಯದ ಹಿಟ್ಟು 2 ದಿನ ಮೊದಲು ಕಲಸಿ ಹಿಂದಿನ ದಿನ ಕರೀರಿ. ರಾಗಿ ಉಂಡೆ 2 ದಿನ ಮೊದಲು. ಕಾಯಿಹಾಲಿನ ಪಾಯಸ ಅವತ್ತೇ ಮಧ್ಯಾಹ್ನ, ನವಣೆ ಮಾತ್ರ ಬೆಳಿಗ್ಗೆ ಬೇಯಿಸಿಡಬಹುದು. ಉಂಡೆಗಳು ಪೂರ್ತಿ ಆರೋ ಮೊದಲು ಡಬ್ಬಿ ಮುಚ್ಚಬೇಡಿ. ಮುಚ್ಚಳದ ಒಳಗೆ ಬೆವರು ಕೂತರೆ ಮೂರನೇ ದಿನ ಬೂಷ್ಟು ಬರುತ್ತೆ.

---

ಧಾರವಾಡದ ಒಲಿ:

ಚಿಕ್ಕಿ ಮಳಿ ಇಲ್ಲದ ಹೊತ್ತಿನ್ಯಾಗ ಮಾಡ್ರಿ, ಮುಂಜಾನೆ ಛಲೋ. ಕೈಗೆ ಬಿಸಿ ಹತ್ತೂದು ನಿಂತ ಕೂಡಲೇ ಸ್ಟೀಲ್ ಡಬ್ಬಿಯೊಳಗ ಒಂದೊಂದು ಪದರಕ್ಕ ಬೆಣ್ಣಿ ಕಾಗದ ಹಾಕಿ ಗಟ್ಟಿ ಮುಚ್ಚಿಡ್ರಿ. ತಾಟಿನ್ಯಾಗ ಒಂದ ಸಲ ಹತ್ತು ಹತ್ತು ತುಂಡಷ್ಟ ತೆಗೀರಿ. ಮ್ಯಾಲೆ ಅಷ್ಟ ಅಂಟು ಬಂದಿದ್ರ 110 ಡಿಗ್ರಿ ಓವನ್‌ನಾಗ 10 ನಿಮಿಷ ಇಟ್ಟು ಆರಿಸಿದ್ರ ಸರಿ ಹೋಗ್ತದ. ಒಳಗೂ ಜಗ್ಗಾಕತ್ತಿದ್ರ ಅದು ಮಳಿ ತಪ್ಪಲ್ಲ, ಪಾಕಾ ಎಳೇದು. ಅದನ್ನ ಬಾಣಲಿಗೆ ಹಾಕಿ ಮತ್ತ ಕಾಯಿಸಬ್ಯಾಡ್ರಿ, ಎಳ್ಳು ಹೊತ್ತತದ. ಸ್ವಲ್ಪ ಬೆಚ್ಚಗ ಮಾಡಿ, ಕೈಗೆ ತುಪ್ಪಾ ಸವರಿಕೊಂಡು, ನೆಲ್ಲಿಕಾಯಿ ಗಾತ್ರದ ಎಳ್ಳುಂಡಿ ಕಟ್ಟಿ ಇಡ್ರಿ.